ಕವಳೆ ಹಣ್ಣಿನ ಮೇಲೆ ಬಂದ ಅಪವಾದ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ದೊಡ್ಡಮ್ಮ ನನ್ನನ್ನು "ಅತ್ತೆ" ಎಂದು ಕರೆದಳು.

ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಆ ವಾರ ನಮ್ಮ ಕಡೆ ತ್ರೀ ಫೇಸ್ ಕರೆಂಟು ಮೂರು ಗಂಟೆಗೆ ಬರುತ್ತಿತ್ತು. ನಾನು ಮೋಟರು ಹಾಕಿ, ತೊಟ್ಟಿಗೆ ನೀರು ಬಿದ್ದದ್ದನ್ನು ನೋಡಿ, ಎಷ್ಟು ಹೊತ್ತಿಗೆ ಆರಿಸಬೇಕೆಂದು ಫೋನು ನೋಡಿಕೊಂಡು ಜಗಲಿಗೆ ಬಂದಿದ್ದೆ. ದೊಡ್ಡಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮಡಿಲಲ್ಲಿ ಒಂದು ತೆಂಗಿನ ಕರಟ, ಅದರ ತಳದಲ್ಲಿ ಒಂದಷ್ಟು ಕವಳೆ ಹಣ್ಣು. ತುಟಿ, ಹಲ್ಲು, ಬೆರಳ ತುದಿ ಎಲ್ಲ ಮಸಿ ಬಳಿದಂತೆ ಕಪ್ಪಾಗಿದ್ದವು.

"ಅತ್ತೆ, ಹಾಲ್ ಕರೆಯಾಕೆ ಕರ ಬುಟ್ರಾ?" ಅಂದಳು.

ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ನಾನು ನಕ್ಕುಬಿಟ್ಟೆ. ನಾನು ಕಾಲೇಜಿನಿಂದ ಬಂದು ಏನಾದರೂ ಬುದ್ಧಿ ಹೇಳಲು ಹೊರಟರೆ "ಬಂದ್ರು ನೋಡು ನಮ್ಮತ್ತೆ" ಎಂದು ಅಣಕಿಸುವುದು ಅವಳ ಅಭ್ಯಾಸ. ಆದರೆ ಈ ಸಲ ಅವಳು ನಗಲಿಲ್ಲ. ಮೋಡ ಮುಚ್ಚಿ ಗಾಳಿ ಬೀಸುತ್ತಿದ್ದ ತಣ್ಣನೆಯ ದಿನ, ಅವಳ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಬಾಯ ಮೂಲೆಯಿಂದ ಜೊಲ್ಲು ಕರಟದೊಳಕ್ಕೇ ಸುರಿಯಿತು. ಒರೆಸಿಕೊಳ್ಳಬೇಕೆನ್ನುವುದು ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ವಾಂತಿ ಶುರುವಾಯಿತು.

ಇದು ಹೋದ ವರ್ಷದ ಮುಂಗಾರಿನ ಮಾತು. ಮೊನ್ನೆ ತಿಪಟೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬಾಕೆ ಪಕ್ಕದಲ್ಲಿ ಮಂಕರಿ ಇಳಿಸಿ, ಮೇಲೆ ಮುಚ್ಚಿದ್ದ ಮುತ್ತುಗದ ಎಲೆ ಸರಿಸಿದಳು. ಕವಳೆ ಹಣ್ಣಿನ ವಾಸನೆ ಬಂತು. ಹುಳಿ, ಸಿಹಿ, ಜೊತೆಗೆ ತೊಟ್ಟಿನ ಹಾಲಿನ ಒಂದು ಒಗರು. ತಟ್ಟನೆ ಬೆಂಚಿನ ಮೇಲೆ ಕೂತುಬಿಟ್ಟೆ. ಆಕೆ, "ಯಾಕವ್ವ, ತಲೆ ಸುತ್ತು ಬಂತಾ? ಎರಡು ಹಣ್ ತಿನ್ನು, ಸರಿಹೋಯ್ತದೆ" ಅಂದಳು. ಮಂಕರಿಯಲ್ಲಿದ್ದದ್ದರಲ್ಲಿ ಅರ್ಧ ಕೊಂಡುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಆ ಮಳೆಗಾಲವೆಲ್ಲ ಮತ್ತೆ ಕಣ್ಣ ಮುಂದೆ ಬಂತು.

ನಮ್ಮ ತಂದೆತಾಯಿ ಇರುವುದು ದಂಡಿನಶಿವರದಲ್ಲಿ. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಹೇಳಿಕೊಡುವವಳು. ಓಡಾಟಕ್ಕೆ ಅನುಕೂಲವೆಂದು ಅರಳಗುಪ್ಪೆ ಹತ್ತಿರದ ದೊಡ್ಡಪ್ಪನ ಮನೆಯಲ್ಲಿದ್ದೇನೆ. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗ ಮಲ್ಲೇಶಣ್ಣ, ನಾನು. ಆ ವರ್ಷ ನನ್ನ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ನಮ್ಮ ಸೀಮೆಯ ಕಾಡುಹಣ್ಣುಗಳನ್ನೇ ಆರಿಸಿಕೊಂಡಿದ್ದೆ. ಕಂದಿಕೆರೆ ಕಡೆಯಿಂದ ಬರುವ ಹುಡುಗಿಯರು ಗುಡ್ಡದ ಕಾರೆ ಹಣ್ಣು ತಂದರು, ಯಾರೋ ಕೆರೆ ಏರಿಯ ನೇರಳೆ ತಂದರು. ಕವಳೆ ನಮ್ಮ ತೋಟದ ಬದುವಿನಲ್ಲೇ ಇತ್ತು. ಆಳೆತ್ತರದ ಮುಳ್ಳುಪೊದೆ. ರೋಹಿಣಿ ಮಳೆ ಹದವಾಗಿ ಬಿದ್ದು ಆ ಸಲ ಎಲೆ ಕಾಣದಷ್ಟು ಕಾಯಿ ಹಿಡಿದಿತ್ತು.

ಪರೀಕ್ಷೆ ಸರಳವಾದದ್ದು. ಕಡು ನೇರಳೆ ಬಣ್ಣದ ಒಂದು ದ್ರಾವಣ. ಅದಕ್ಕೆ ಹಣ್ಣಿನ ಸಾರದ ಹನಿ ಬಿಟ್ಟರೆ, ಹಣ್ಣಿನಲ್ಲಿ ಆ್ಯಂಟಿಆಕ್ಸಿಡೆಂಟ್ ಎಷ್ಟಿದೆಯೋ ಅಷ್ಟು ನೇರಳೆ ಬಣ್ಣ ಇಳಿದು ಹಳದಿಯಾಗುತ್ತದೆ. ಕವಳೆಯ ಸಾರ ಬಿದ್ದ ಗಾಜಿನ ನಳಿಗೆ ನೋಡನೋಡುತ್ತಿದ್ದಂತೆ ಹೊಂಬಣ್ಣಕ್ಕೆ ತಿರುಗಿದಾಗ ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಮನೆಗೆ ಬಂದು ಅದೇ ಉತ್ಸಾಹದಲ್ಲಿ ದೊಡ್ಡಮ್ಮನಿಗೂ ವಿವರಿಸಿದೆ. ಒಲೆ ಉರಿದರೆ ಕಿಡಿ ಹಾರುತ್ತಲ್ಲ, ನಮ್ಮ ಮೆದುಳೂ ಹಗಲಿರುಳು ಉರಿಯುವ ಒಲೆ. ಆ ಕಿಡಿ ನರಗಳನ್ನು ಸುಡುತ್ತಾ ಬರುತ್ತದೆ. ಇಂಥ ಕಪ್ಪು ಹಣ್ಣಿನ ಬಣ್ಣದಲ್ಲಿರುವ ಅಂಶ ಅದನ್ನು ನಂದಿಸಬಹುದು ಎಂದು ಪ್ರಯೋಗಶಾಲೆಯವರು ಹೇಳುತ್ತಾರೆ, ಅಂದೆ. ದೊಡ್ಡಮ್ಮ ಒಂದು ಚಿಟಿಕೆ ನಶ್ಯ ಏರಿಸಿ, ತನ್ನ ಮಂಡೆ ನೆಟ್ಟಗಿದೆಯೆಂದೂ, ಅಂಥ ಹಣ್ಣಿದ್ದರೆ ಮೊದಲು ಮಲ್ಲೇಶನಿಗೆ ತಿನ್ನಿಸಬೇಕೆಂದೂ ಹೇಳಿದಳು. ಅವಳು ಕವಳೆ ತಿನ್ನಲು ನನ್ನ ವಿಜ್ಞಾನದ ಅಪ್ಪಣೆಯೇನೂ ಬೇಕಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಪ್ರತಿ ಮುಂಗಾರಿನಲ್ಲೂ ಆ ಪೊದೆ ಅವಳದೇ.

ಆದ್ದರಿಂದಲೇ ಅಂದು ವಾಂತಿ ಶುರುವಾದಾಗ ಎಲ್ಲರ ಕಣ್ಣೂ ಮೊದಲು ಆ ಕಪ್ಪು ತುಟಿಯ ಮೇಲೆ ಬಿತ್ತು. ಪಕ್ಕದ ತೋಟದವರು ಓಡಿಬಂದರು. ಒಬ್ಬರು ಹುಣಸೆ ನೀರು ಕುಡಿಸಿ ಅಂದರು, ಒಬ್ಬರು ಮಜ್ಜಿಗೆ. ಕವಳೆ ಪೊದೆಯಲ್ಲಿ ಹಾವು ವಿಷ ಕಾರಿರಬೇಕು ಎಂದು ಮತ್ತೊಬ್ಬರು. ಏನೂ ಕುಡಿಸಬೇಡಿ ಎಂದು ನಾನು ಅಡ್ಡ ನಿಂತೆ. ಮಲ್ಲೇಶಣ್ಣ ಲಗೇಜ್ ಆಟೋ ತಂದ. ದೊಡ್ಡಮ್ಮನನ್ನು ಹಿಂದೆ ಮಲಗಿಸಿಕೊಂಡು ಹೊರಟಾಗ, ಯಾಕೆಂದು ಈಗಲೂ ಹೇಳಲಾರೆ, ಆ ಕರಟವನ್ನು ಹಣ್ಣಿನ ಸಮೇತ ಎತ್ತಿಕೊಂಡು ಕೂತೆ. ತಿಂದದ್ದು ಕವಳೆಯೋ, ಕವಳೆಯಂತೆ ಕಾಣುವ ಬೇರೇನೋ, ಡಾಕ್ಟರಿಗೆ ತೋರಿಸಬೇಕೆಂಬುದಷ್ಟೇ ತಲೆಯಲ್ಲಿತ್ತು.

ದಾರಿಯುದ್ದಕ್ಕೂ ಗಾಡಿ ಓಡಿಸುತ್ತಲೇ ಮಲ್ಲೇಶಣ್ಣ ಬೈಯುತ್ತಿದ್ದ. ಹಣ್ಣನ್ನು, ಪೊದೆಯನ್ನು, ನನ್ನ ಕಾಲೇಜನ್ನು. "ನಾಳೆ ಬೆಳಗ್ಗೆ ಜೆಸಿಬಿ ತರುಸ್ತೀನಿ ಕಣೇ. ಬೇರ್ ಸಮೇತ ಕೀಳುಸ್ತೀನಿ" ಅಂದ. ದೊಡ್ಡಮ್ಮನ ತೋಳಿನ ಮಾಂಸ ಚರ್ಮದೊಳಗೆ ಹುಳು ಹರಿದಂತೆ ಅದುರುತ್ತಿತ್ತು. ಎದೆಯಲ್ಲಿ ಗೊರಗೊರ ಸದ್ದು. ದೊಡ್ಡಪ್ಪ ಅವಳ ಪಾದ ತಿಕ್ಕುತ್ತಾ ಅವಳ ಹೆಸರನ್ನು ಮೆಲ್ಲಗೆ ಕರೆಯುತ್ತಿದ್ದರು. ಅವರು ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ಒಬ್ಬ ಲೇಡಿ ಡಾಕ್ಟರ್. ಏನು ತಿಂದರು ಎಂದು ಕೇಳಿದಾಗ ಮೂರು ಬಾಯಿಂದ ಒಟ್ಟಿಗೆ ಕವಳೆ ಹಣ್ಣು ಎಂದು ಬಂತು. ಅವರು ದೊಡ್ಡಮ್ಮನ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ನಾನೂ ಬಗ್ಗಿ ನೋಡಿದೆ. ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು. ಡಾಕ್ಟರ್ ನೆಟ್ಟಗೆ ನಿಂತು, "ಇದು ಹಣ್ಣಿನ ಕೆಲಸ ಅಲ್ಲ. ಎಲ್ಲಾದರೂ ಹುಳದ ಔಷಧಿ ಸ್ಪ್ರೇ ಮಾಡಿದ್ರಾ?" ಎಂದು ಕೇಳಿದರು.

ಮಲ್ಲೇಶಣ್ಣ ಇಲ್ಲವೆಂದ. ಅದು ಸುಳ್ಳಲ್ಲ. ತೆಂಗಿಗೆ ನಾವು ಸ್ಪ್ರೇ ಮಾಡುವುದಿಲ್ಲ, ಅಷ್ಟೆತ್ತರಕ್ಕೆ ಯಾರಿಂದ ಸಾಧ್ಯ? ಕಪ್ಪುತಲೆ ಹುಳು ಗರಿ ತಿಂದು ತೋಟ ಬೆಂಕಿ ಬಿದ್ದಂತೆ ಕಂದಿದಾಗ, ಬುಡದ ಮಣ್ಣು ಕೆದಕಿ, ಕೆಂಪಗಿರುವ ಒಂದು ಜೀವಂತ ಬೇರು ಹುಡುಕಿ, ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಕವರಿನೊಳಕ್ಕೆ ಅದರ ತುದಿ ಇಳಿಸಿ ಕಟ್ಟುತ್ತೇವೆ. ಮರ ತಾನೇ ಹೀರಿಕೊಳ್ಳುತ್ತದೆ. ಮಣ್ಣು ಮುಚ್ಚಿದರೆ ಆಯಿತು. ಗಾಳಿಯಲ್ಲಿ ಹನಿ ಇಲ್ಲ, ಎಲೆಯ ಮೇಲೆ ತೇವವಿಲ್ಲ. ಆ ಮರಗಳ ಕಾಯಿ ಒಂದೂವರೆ ತಿಂಗಳು ಮುಟ್ಟಬಾರದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮುಟ್ಟಿರಲಿಲ್ಲ. ಹಾಗಾಗಿ ಆ ಕೆಲಸಕ್ಕೂ ಕವಳೆ ಪೊದೆಗೂ ಸಂಬಂಧವಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ನಾನು ಕರಟವನ್ನು ಮುಂದೆ ಹಿಡಿದೆ. ಡಾಕ್ಟರ್ ಹಣ್ಣುಗಳನ್ನು ಒಂದು ಟ್ರೇಗೆ ಸುರಿದು, ಬರಿದಾದ ಕರಟವನ್ನು ಮೂಗಿನ ಹತ್ತಿರ ತಂದು ತಟ್ಟನೆ ಮುಖ ತಿರುಗಿಸಿದರು. ಆಗ ಕಂಡಿತು. ಕರಟದ ಒಳಮೈಯಲ್ಲಿ ಅರ್ಧದ ಮಟ್ಟಕ್ಕೆ ಕುಡುಗೋಲಿನ ತುದಿಯಿಂದ ಗೀರಿದ ಒಂದು ಗೆರೆ.

ಮಲ್ಲೇಶಣ್ಣ ಗೋಡೆ ಹಿಡಿದುಕೊಂಡ. "ಮೇಡಂ, ಅದು ನಾನ್ ಔಷಧಿ ಅಳೆದಿದ್ ಕರಟ" ಅಂದ.

ಹಿಂದಿನ ದಿನ ಮರಕ್ಕೆ ಔಷಧಿ ಕಟ್ಟಿದ್ದ. ಇನ್ನೂ ಎರಡು ಸಾಲು ಉಳಿದಿದ್ದರಿಂದ, ಅಳತೆಯ ಕರಟವನ್ನು ಒಂದು ಸಲ ಜಾಲಾಡಿಸಿ ಬದುವಿನ ಬೇಲಿ ಗೂಟಕ್ಕೆ ಬೋರಲು ಹಾಕಿ ಬಂದಿದ್ದ. ನಮ್ಮ ಸೀಮೆಯಲ್ಲಿ ಕರಟವನ್ನು ಯಾರು ಅನುಮಾನಿಸುತ್ತಾರೆ? ಉಪ್ಪಿಗೆ ಕರಟ, ದೀಪದ ಎಣ್ಣೆಗೆ ಕರಟ, ಹಂಡೆಯ ನೀರು ಮೊಗೆಯುವುದಕ್ಕೂ ಕರಟ. ಗೂಟದ ಮೇಲೆ ಬೋರಲು ಹಾಕಿದ್ದರೆ ತೊಳೆದಿಟ್ಟದ್ದು ಎಂದೇ ಅರ್ಥ. ಹಣ್ಣು ಕೀಳಲು ಹೋದ ದೊಡ್ಡಮ್ಮ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡಳು. ಮಾಗಿದ ಹಣ್ಣು ಒಡೆದು ರಸ ಬಿಟ್ಟಿತು, ಕರಟ ಹೀರಿಕೊಂಡಿದ್ದ ವಿಷವೆಲ್ಲ ಆ ರಸಕ್ಕೆ ಇಳಿಯಿತು. ಇನ್ನು ವಾಸನೆ ಹಿಡಿಯಲು ಆ ನಶ್ಯದ ಮೂಗಿನಿಂದ ಎಲ್ಲಿ ಆಗಬೇಕು.

ಆಮೇಲಿನದೆಲ್ಲ ಬಹಳ ಬೇಗ ನಡೆಯಿತು. ಸೀರೆ ಬಿಚ್ಚಿ ಮೈ ತೊಳೆಯಲು ಹೇಳಿದರು. ಸೂಜಿಯ ಮೇಲೆ ಸೂಜಿ. ವಿಷ ಯಾವುದೆಂದು ತಿಳಿದಿದ್ದರಿಂದ ಅದಕ್ಕೆ ಎದುರಾದ ಮದ್ದು ತಡವಾಗದೆ ಸಿಕ್ಕಿತು. ಅಲ್ಲಿಂದ ಆಂಬುಲೆನ್ಸಿನಲ್ಲಿ ತುಮಕೂರು. ಹಣ್ಣೇ ಕಾರಣವೆಂದು ನಂಬಿಕೊಂಡು ಕೂತಿದ್ದರೆ ಏನಾಗುತ್ತಿತ್ತು ಎಂದು ನಾನು ಇವತ್ತಿಗೂ ಲೆಕ್ಕ ಹಾಕುತ್ತೇನೆ. ಕರಟ ಜಗಲಿಯಲ್ಲೇ ಉಳಿದಿದ್ದರೆ? ಹುಣಸೆ ನೀರು ಶ್ವಾಸಕೋಶಕ್ಕೆ ಇಳಿದಿದ್ದರೆ? ಲೆಕ್ಕ ಪ್ರತಿ ಸಲವೂ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಎದ್ದು ಹೋಗಿ ಒಂದು ಲೋಟ ನೀರು ಕುಡಿಯುತ್ತೇನೆ.

ಜೀವ ಉಳಿಯಿತು. ಆದರೆ ತುಮಕೂರಿನಿಂದ ಬಂದದ್ದು ನಮ್ಮ ದೊಡ್ಡಮ್ಮ ಅಲ್ಲ. ಹೆಸರುಗಳು ಕಲಸಿಹೋಗಿದ್ದವು. ಚೊಂಬನ್ನು ಚಪ್ಪಲಿ ಅನ್ನುವಳು. ಹಗಲು ಮಂಕಾಗಿ ಕೂತಿರುವಳು. ಕತ್ತಲಾದರೆ ಕಣ್ಣು ಮುಚ್ಚದೆ ಕೌದಿಯ ದಾರ ಕೀಳುವಳು, ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಬೆಚ್ಚಿ ಎದ್ದು ಬಾಗಿಲಿಗೆ ಹೋಗುವಳು. ನಾನು ಅವಳ ಪಕ್ಕದಲ್ಲೇ ಮಲಗಿ ಅವಳ ಸೆರಗಿನ ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಳ್ಳುತ್ತಿದ್ದೆ. ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ, ಆಚೆ ಕೋಣೆಯಲ್ಲಿ ದೊಡ್ಡಪ್ಪನಿಗೂ ಇಲ್ಲ. ತಲೆ ತಿಳಿಯಾಗಬಹುದು, ದಿನ ಹಿಡಿಯುತ್ತದೆ, ಎಷ್ಟೆಂದು ಹೇಳಲಾಗದು ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಆ ಮನೆಯಲ್ಲಿ ಅವಳ ತಲೆ ಅಂದರೆ ಮನೆಯ ಬೀಗದಕೈ. ಯಾವ ಹಸು ಯಾವಾಗ ಗಬ್ಬ ಕಟ್ಟಿತು, ಯಾರ ಮನೆಗೆ ಯಾವ ಮುಯ್ಯಿ ಹೋಗಬೇಕು, ಯಾವ ಮರದ ಕಾಯಿ ಕೊಬ್ಬರಿಗೆ ಯೋಗ್ಯ, ಎಲ್ಲ ಅದರೊಳಗೇ.

ಇತ್ತ ಊರು ತನ್ನ ತೀರ್ಪು ಕೊಟ್ಟಾಗಿತ್ತು. ಆಸ್ಪತ್ರೆಯಲ್ಲಿ ಗೊತ್ತಾದದ್ದು ಮೂವರಿಗೆ ಮಾತ್ರ. ಮಲ್ಲೇಶಣ್ಣ ಬಾಯಿ ಬಿಡಲಿಲ್ಲ, ದೊಡ್ಡಪ್ಪ ಮಗನ ಮುಖ ನೋಡಿ ಸುಮ್ಮನಾದರು, ನಾನು ಅವರಿಬ್ಬರ ಮುಖ ನೋಡಿದೆ. ಅಷ್ಟರಲ್ಲಿ ನಾಲ್ಕು ತೋಟದವರು ತಮ್ಮ ಬದುವಿನ ಕವಳೆ ಪೊದೆ ಕಡಿದು ಬೆಂಕಿ ಇಟ್ಟಿದ್ದರು. ಹಣ್ಣು ಮಾರುವ ಹೆಂಗಸರು ನಮ್ಮೂರ ದಾರಿ ಬಿಟ್ಟರು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಫೋನು ಮಾಡಿ, ನನ್ನ ಮಗಳ ಕೈಲಿ ಆ ಹಣ್ಣು ಮುಟ್ಟಿಸಬೇಡಿ ಅಂದರು.

ಒಂದು ಬೆಳಗ್ಗೆ ಡೈರಿಗೆ ಹಾಲು ಹಾಕಲು ಮಲ್ಲೇಶಣ್ಣನ ಜೊತೆ ನಾನೂ ಹೋಗಿದ್ದೆ. ಆರಿದ್ರ ಮಳೆ ಸಣ್ಣಗೆ ಹಿಡಿದಿತ್ತು, ಎಲ್ಲರೂ ಕ್ಯಾನು ಹಿಡಿದು ಸೂರಿನಡಿ ಒತ್ತಾಗಿ ನಿಂತಿದ್ದರು. ನಮ್ಮ ಬೀದಿಯ ರಾಜಣ್ಣ ಬಾಯಿ ಸುಮ್ಮನಿರುವ ಮನುಷ್ಯನಲ್ಲ.

"ಏನ್ ಮೇಡಮ್ಮೋರೆ, ಆ ಹಣ್ ತಿಂದ್ರೆ ತಲೆ ಚುರುಕಾಯ್ತದೆ ಅಂತಿದ್ರಂತೆ. ನಿಮ್ ದೊಡ್ಡಮ್ಮಂಗೆ ಇದ್ದಿದ್ದೂ ಹೋಯ್ತಲ್ರೀ."

ಒಂದಿಬ್ಬರು ನಕ್ಕರು. ಮಲ್ಲೇಶಣ್ಣ ತನ್ನ ಕ್ಯಾನನ್ನು ನೆಲಕ್ಕಿಟ್ಟ.

"ಹಣ್ಣಲ್ಲ ಕಣ್ಲಾ ರಾಜ," ಅಂದ. "ನಾನು. ಮರಕ್ಕೆ ಔಷಧಿ ಅಳೆದ ಕರಟನ ಬೇಲಿ ಮೇಲೆ ಮಡಗಿ ಬಂದಿದ್ದೆ. ನಮ್ಮವ್ವ ಅದ್ರಲ್ಲಿ ಹಣ್ ಕಿತ್ಕಂಡು ತಿಂದ್ಲು. ಡಾಕ್ಟ್ರು ಕಂಡುಹಿಡಿದ್ರು. ಇಷ್ಟು ದಿನ ಹೇಳಾಕೆ ನಾಚಿಕೆ ಆಯ್ತಿತ್ತು."

ರಾಜಣ್ಣ ತಲೆ ಕೆರೆದುಕೊಂಡು, "ಅಯ್ಯೋ, ನಮ್ ಕರಟನೂ ಬಚ್ಚಲ ಗೋಡೆ ಮೇಲೇ ಐತೆ ಕಣ್ಲಾ" ಅಂದ. ಇನ್ನೊಬ್ಬರು ತಮ್ಮದು ದನದ ಕೊಟ್ಟಿಗೆಯಲ್ಲಿದೆ ಅಂದರು. ಮತ್ತೊಬ್ಬರ ಮನೆಯಲ್ಲಿ ಅದರಲ್ಲೇ ಕೋಳಿಗೆ ನೀರಿಡುತ್ತಿದ್ದರಂತೆ. ಹಾಲಿನ ಅಳತೆ ಮುಗಿಯುವ ತನಕವೂ ಹಲವರು ಕಾಯಲಿಲ್ಲ. ಕ್ಯಾನನ್ನು ಪಕ್ಕದವರ ಕೈಗೆ ಕೊಟ್ಟು ಮಳೆಯಲ್ಲೇ ಮನೆಗೆ ಓಡಿದರು. ಅಂದು ನಮ್ಮೂರಿನಲ್ಲಿ ಎಷ್ಟು ಕರಟ ಒಡೆದು ಹೂತರೋ. ಆ ವಾರದಲ್ಲೇ ಔಷಧಿ ಅಳೆಯಲು ಮನೆಮನೆಗೂ ಬೇರೆ ಪ್ಲಾಸ್ಟಿಕ್ ಲೋಟ ಬಂತು, ಅದಕ್ಕೆ ಬೀಗ ಹಾಕುವ ಡಬ್ಬಿಯೂ ಬಂತು. ಮಲ್ಲೇಶಣ್ಣ ಮನೆಗೆ ಬಂದವನೇ, ಊರ ಬಾಯಿಗೆ ಹೆದರಿ ಹೇಳಿಟ್ಟಿದ್ದ ಜೆಸಿಬಿಯವನಿಗೆ ಫೋನು ಮಾಡಿ ಬೇಡವೆಂದ. ಆಮೇಲೆ ತಾಯಿಯ ಮುಂದೆ ಕೂತು ಬಹಳ ಹೊತ್ತು ಅತ್ತ. ಅವಳು ಅವನ ತಲೆ ಸವರುತ್ತಾ, ಯಾರ ಮಗ ನೀನು ಎಂದು ಕೇಳಿದಳು.

ಆರಿದ್ರ ಮುಗಿದು ಅದರ ಮುಂದಿನ ಮಳೆಯೂ ಬಂದು ಹೋಯಿತು. ಒಂದು ಮಧ್ಯಾಹ್ನ ಅಟ್ಟದಲ್ಲಿ ವರ್ಷದಿಂದ ಒಣಗುತ್ತಿದ್ದ ಕಾಯಿಗಳನ್ನು ಮಲ್ಲೇಶಣ್ಣ ಇಳಿಸುತ್ತಿದ್ದ. ಉಂಡೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಕಿವಿಯಿಂದ: ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಟಗಟ ಅನ್ನಬೇಕು. ದೊಡ್ಡಪ್ಪ ಏನೋ ಯೋಚಿಸಿ ಒಂದು ಕಾಯಿಯನ್ನು ದೊಡ್ಡಮ್ಮನ ಕೈಯಲ್ಲಿಟ್ಟರು. ಹಿಂದೆಯೂ ಒಂದೆರಡು ಸಲ ಇಟ್ಟಿದ್ದರು. ಅವಳು ಅದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಸುಮ್ಮನಿರುತ್ತಿದ್ದಳು. ಈ ಸಲ ಕೈ ತಾನಾಗಿ ಕಿವಿಗೆ ಹೋಯಿತು. ಒಂದು ಸಲ ಅಲ್ಲಾಡಿಸಿದಳು, ಮತ್ತೊಂದು ಸಲ. ಹುಬ್ಬು ಗಂಟಾಯಿತು.

"ಇನ್ನೂ ಹಸಿ ಐತೆ. ಯಾರ್ಲಾ ಇದನ್ನ ಇಳಿಸ್ದೋನು?"

ಅಟ್ಟದ ಏಣಿಯ ಮೇಲೆ ನಿಂತಿದ್ದ ಮಲ್ಲೇಶಣ್ಣ ಅಲ್ಲೇ ಕೂತುಬಿಟ್ಟ. "ನಾನು ಕಣವ್ವ" ಅಂದ.

"ನೀನೇ ಇರ್ಬೇಕು. ಮಲ್ಲೇಶ ಅಂತ ಹೆಸರಿಟ್ಕಂಡು ಇಷ್ಟು ವರ್ಷ ಆದ್ರೂ ಕಾಯಿ ಸದ್ದು ತಿಳಿಯಲ್ವಲ್ಲಲಾ ನಿಂಗೆ."

ದೊಡ್ಡಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಂಗಳಕ್ಕೆ ಹೋದರು. ನಾವು ಒಂದೊಂದೇ ಕಾಯಿ ಕೊಡುತ್ತಾ ಹೋದೆವು, ಅವಳು ಅಲ್ಲಾಡಿಸಿ ಒಣಗಿದ್ದನ್ನು ಬಲಕ್ಕೆ, ಹಸಿಯದನ್ನು ಎಡಕ್ಕೆ ಇಡುತ್ತಾ ಹೋದಳು. ಮಲ್ಲೇಶಣ್ಣ ಬೇಕೆಂದೇ ಬಲದ ರಾಶಿಯ ಒಂದೆರಡನ್ನು ಒಡೆದು ನೋಡಿದ. ಒಂದೂ ತಪ್ಪಿರಲಿಲ್ಲ. ಆ ಸಂಜೆ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ದೊಡ್ಡಪ್ಪ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಒಂದೊಂದು ಕೊಬ್ಬರಿ ಕೈಗೆ ಕೊಟ್ಟರು.

ಆಮೇಲೆ ದಿನದಿನಕ್ಕೂ ಒಂದೊಂದು ಎಳೆ ಕೂಡಿಕೊಂಡಿತು. ಬೈಗುಳ ಮೊದಲು ಬಂತು, ಹೆಸರುಗಳು ಆಮೇಲೆ. ಒಂದು ದಿನ ಕವಳೆ ಹಣ್ಣು ಕೇಳಿದಳು. ಪೊದೆಯಲ್ಲಿ ಕೊನೆಯ ಹಣ್ಣುಗಳಿದ್ದವು. ನಾನು ಸ್ಟೀಲ್ ಬಟ್ಟಲಿನಲ್ಲಿ ಕಿತ್ತು ತಂದು, ತೊಳೆದು, ಮತ್ತೆ ತೊಳೆದು, ಉಪ್ಪುನೀರಿನಲ್ಲಿ ನೆನೆಸಿ, ಮೊದಲು ನಾನೇ ಒಂದು ತಿಂದೆ. ಅವಳು ನೋಡುತ್ತಲೇ ಇದ್ದು, "ಇಷ್ಟು ತೊಳೆದ್ರೆ ಹಣ್ಣಲ್ಲಿ ಏನ್ ಉಳೀತದೆ? ನಿಮ್ ಕಾಲೇಜಲ್ಲಿ ಹಿಂಗೇ ತೊಳೆದ್ ನೀರೇ ಪರೀಕ್ಷೆ ಮಾಡ್ತೀರಾ?" ಅಂದಳು. ಹಣ್ಣು ತಿಂದಳು. ಬೆರಳೆಲ್ಲ ಕಪ್ಪಾಯಿತು. ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ. ಬೆವರಲಿಲ್ಲ, ಬಾಯಿ ಚಪ್ಪರಿಸಿ ಇನ್ನೊಂದು ಬಟ್ಟಲು ಕೇಳಿದಳು.

ಈಗ ಅವಳು ಎಲ್ಲರ ಮುಂದೆಯೂ ಹೇಳುವುದು ಒಂದೇ. ತನ್ನ ತಲೆ ಸರಿ ಮಾಡಿದ್ದು ಕವಳೆ ಹಣ್ಣು, ತುಮಕೂರಿನ ಸೂಜಿಯಲ್ಲ. ನಾನು ತಿದ್ದಲು ಹೋಗಿ ಸೋತಿದ್ದೇನೆ. ಹೊತ್ತಿಗೆ ಸಿಕ್ಕಿದ ಮದ್ದು ಅವಳನ್ನು ಉಳಿಸಿತು, ಕಳೆದ ದಿನಗಳು ತಲೆಯನ್ನು ತಿಳಿ ಮಾಡಿದವು. ನನ್ನ ನಳಿಗೆಯಲ್ಲಿ ನೇರಳೆ ಹಳದಿಯಾದದ್ದು ನಿಜ, ಆದರೆ ತಲೆ ನಳಿಗೆಯಲ್ಲ. ಅದಕ್ಕೂ ಇದಕ್ಕೂ ನಡುವೆ ಇನ್ನೂ ಬಹಳ ದೂರವಿದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆದರೂ ಆ ಸಲದ ಪ್ರಾಜೆಕ್ಟನ್ನು ನಿಲ್ಲಿಸಲಿಲ್ಲ. ಫೋನು ಮಾಡಿದ್ದ ಆ ತಾಯಿಯೇ ಮಗಳ ಕೈಯಲ್ಲಿ ಒಂದು ಬುಟ್ಟಿ ಹಣ್ಣು ಕಳಿಸಿದ್ದರು. ಕಡಿದ ಪೊದೆಗಳ ಬುಡದಲ್ಲಿ ಮಳೆಗೆ ಕೆಂಪು ಚಿಗುರು ಬಂದಿತ್ತು. ಅಪವಾದದಿಂದ ಹಣ್ಣು ಪಾರಾಯಿತು.

ನಿದ್ದೆ ಮಾತ್ರ ಎಲ್ಲಕ್ಕಿಂತ ತಡವಾಗಿ ಬಂತು. ದೊಡ್ಡಮ್ಮ ಬೆಚ್ಚಿ ಏಳುವುದು ಕಡಿಮೆಯಾದ ಮೇಲೂ ನಾನು ಏಳುತ್ತಿದ್ದೆ, ಅವಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಗೌರಿ ಹಬ್ಬಕ್ಕೆ ಮನೆ ತೊಳೆದು, ಹಟ್ಟಿ ಸಾರಿಸಿ ಎಲ್ಲರೂ ದಣಿದು ಮಲಗಿದ ಮರುದಿನದ ಮಾತು. ಕಣ್ಣು ಬಿಟ್ಟಾಗ ಹೆಂಚಿನ ಸಂದಿಯಿಂದ ಬಿಸಿಲು ಕೌದಿಯ ಮೇಲೆ ಬಿದ್ದಿತ್ತು. ಕೊಟ್ಟಿಗೆಯಲ್ಲಿ ಹಸು ಕೆಚ್ಚಲು ಬಿಗಿದು ಕೂಗುತ್ತಿತ್ತು. ಡೈರಿಯ ಹೊತ್ತು ಮೀರಿ ಹೋಗಿತ್ತು, ಆ ಮನೆಯಲ್ಲಿ ಹಾಗಾದದ್ದು ನನಗೆ ತಿಳಿದಂತೆ ಅದೇ ಮೊದಲು. ದೊಡ್ಡಪ್ಪ ಆಚೆ ಕೋಣೆಯಲ್ಲಿ ಕಾಲು ಚಾಚಿ ಮಲಗಿದ್ದರು, ಜಗಲಿಯಲ್ಲಿ ಮಲ್ಲೇಶಣ್ಣ ಮುಸುಕೆಳೆದಿದ್ದ. ನನ್ನ ಪಕ್ಕದಲ್ಲಿ ದೊಡ್ಡಮ್ಮ ಅಂಗಾತ ಮಲಗಿ, ಬಾಯಿ ತೆರೆದು, ಮಾಡಿನ ಜಂತಿಗೆ ಕೇಳುವಂತೆ ಗೊರಕೆ ಹೊಡೆಯುತ್ತಿದ್ದಳು. ಹಸು ಇನ್ನೊಂದು ಸಲ ಕೂಗಿತು. ನಾನು ಕೌದಿ ಎಳೆದುಕೊಂಡು ಮಗ್ಗುಲು ಬದಲಿಸಿದೆ.